ಪಕ್ಕದ ಸೀಟಿನ ಕೆಮ್ಮು

ಯಜಮಾನರ ಪಕ್ಕದಲ್ಲಿ ಕೂತು ವಿಮಾನ ಹಾರಿಸುವ ಹುಡುಗರಿಗೆಲ್ಲ ಅದೇನು ಗಂಟಲ ಕಾಯಿಲೆಯೋ, ಒಬ್ಬರಾದ ಮೇಲೊಬ್ಬರು ಕೆಮ್ಮುತ್ತಿದ್ದರು. ಮೇಲೇರುವಾಗ ಒಮ್ಮೆ, ಇಳಿಯುವಾಗ ಎರಡು ಮೂರು ಸಲ, ಮೋಡ ಕವಿದ ದಿನ ಇನ್ನೂ ಜಾಸ್ತಿ. ಯಜಮಾನರದು ಮರುಗುವ ಜೀವ. ಅಂಗಿಯ ಜೇಬಿನಲ್ಲಿ ಗಂಟಲ ಮಾತ್ರೆಯ ಡಬ್ಬಿ ಇಟ್ಟುಕೊಂಡೇ ಕಾಕ್‌ಪಿಟ್‌ಗೆ ಬರುತ್ತಿದ್ದರು. "ತಗೋ, ಬಾಯಲ್ಲಿಟ್ಕೋ. ತಣ್ಣೀರು ಕುಡೀಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ," ಎಂದು ಗದರುತ್ತಿದ್ದರು. ಹುಡುಗರು "ಥ್ಯಾಂಕ್ಸ್, ಯಜಮಾನ್ರೇ" ಎಂದು ಮಾತ್ರೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮುಂದಿನ ಸಲ ಇಳಿಯುವಾಗ ಮತ್ತೆ ಅದೇ ಕೆಮ್ಮು. ಕಾಕ್‌ಪಿಟ್‌ನ ಎ.ಸಿ.ಯಲ್ಲಿ ಧೂಳು ಕೂತಿದೆ, ಬಾಳಿ ಬದುಕಬೇಕಾದ ಮಕ್ಕಳ ಎದೆ ಹಾಳಾಗುತ್ತಿದೆ ಎಂದು ಅವರು ರಿಪೇರಿ ವಿಭಾಗದವರ ತಲೆ ತಿಂದು ಎರಡು ಬಾರಿ ಫಿಲ್ಟರ್ ಬದಲಾಯಿಸುವಂತೆ ಮಾಡಿದ್ದರು. ರಿಪೇರಿಯವರು ತೆಗೆದ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ, ಹೊಸದರಂತೆಯೇ ಇದೆಯಲ್ಲ ಎಂದು ಗೊಣಗಿಕೊಂಡು ಹೋಗಿದ್ದರು.

ಯಜಮಾನರು ಎಂಬ ಅಡ್ಡಹೆಸರು ಬಂದದ್ದು ಅವರದೇ ಬಾಯಿಂದ. ಹೊಸ ಕೋ-ಪೈಲಟ್ ಯಾರೇ ಬರಲಿ, ಬೆಲ್ಟ್ ಬಿಗಿದುಕೊಳ್ಳುವ ಮೊದಲು ಅವರು ಒಂದು ಮಾತು ಕಿವಿಗೆ ಹಾಕುತ್ತಿದ್ದರು: "ನೋಡಪ್ಪ, ಈ ಕೋಣೆ ಚಿಕ್ಕದು. ಇದಕ್ಕೆ ಯಜಮಾನ ಒಬ್ಬನೇ." ಹೇಳಿ ನಗುತ್ತಿದ್ದರು. ಕೇಳಿಸಿಕೊಂಡವನೂ ನಗುತ್ತಿದ್ದ, ನಗದೆ ಏನು ಮಾಡಿಯಾನು. ಕ್ರಮೇಣ ಇಡೀ ಕಂಪನಿ ಅವರನ್ನು ಹಾಗೇ ಕರೆಯತೊಡಗಿತು. ಗಗನಸಖಿಯರು, ಸಾಮಾನು ಹೊರುವವರು, ಹವಾಮಾನದ ಚೀಟಿ ತಂದುಕೊಡುವವನು, ಎಲ್ಲರಿಗೂ ಅವರು ಯಜಮಾನರೇ.

ಪೈಲಟ್ ಆದವನು ಅರವತ್ತೈದು ತುಂಬಿದ ದಿನ ಕೆಳಗಿಳಿಯಬೇಕು ಎಂಬುದು ನಿಯಮ. ನಿನ್ನೆ ಸಂಜೆಯವರೆಗೆ ಇನ್ನೂರು ಜನರ ಜೀವವನ್ನು ಅಂಗೈಯಲ್ಲಿಟ್ಟು ಕಾಪಾಡಿದವನು ಇವತ್ತು ಬೆಳಗಾಗುವಷ್ಟರಲ್ಲಿ ಕೈಲಾಗದವನಾಗಿಬಿಡುವುದು ಹೇಗೆ ಎಂದು ಯಜಮಾನರು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದರು. ಕೇಳುವುದರಲ್ಲಿ ತಪ್ಪೂ ಇರಲಿಲ್ಲ. ಅವರ ವಾರಿಗೆಯ ಕೆಲವರಿಗೆ ನಿಜವಾಗಿಯೂ ಹದ್ದಿನ ಕಣ್ಣು, ಕಲ್ಲಿನಂಥ ಕೈ. ಅಂಥವರನ್ನು ಹುಟ್ಟಿದ ತಾರೀಕು ನೋಡಿ ಮನೆಗೆ ಕಳಿಸುವುದು ಅನ್ಯಾಯವೇ. ಈಗ ಸರ್ಕಾರಕ್ಕೂ ಹಾಗೆನಿಸಿ, ವಯಸ್ಸನ್ನು ಅರವತ್ತೇಳಕ್ಕೆ ಏರಿಸಬಹುದೇ ಎಂದು ವಿಚಾರಿಸಲು ಒಂದು ಸಮಿತಿ ಮಾಡಿತ್ತು. ಸಮಿತಿಯ ಮುಂದೆ ಮಾತಾಡಲು ಪೈಲಟ್‌ಗಳ ಸಂಘ ಆರಿಸಿದ್ದು ಯಜಮಾನರನ್ನು. ಅವರಿಗೆ ಅರವತ್ತೈದು ತುಂಬಲು ಇನ್ನು ಎರಡೇ ತಿಂಗಳಿತ್ತು.

ಆರಿಸಿದ್ದಕ್ಕೆ ಕಾರಣವಿತ್ತು. ಹಾರಾಟದಲ್ಲಿ ಕ್ಯಾಪ್ಟನ್ ಮಾಡಿದ ತಪ್ಪನ್ನು ಕೋ-ಪೈಲಟ್ ಬಾಯಿಬಿಟ್ಟು ಹೇಳಬೇಕಾಗಿ ಬಂದರೆ, ಇಳಿದ ಮೇಲೆ ಅದನ್ನು ವರದಿಯಲ್ಲಿ ಬರೆಯಬೇಕು, ಕ್ಯಾಪ್ಟನ್ ಸಹಿ ಹಾಕಬೇಕು. ಅದು ಆ ಕಂಪನಿಯ ಪದ್ಧತಿ. ಮೂವತ್ತರ ಹರೆಯದ ಕ್ಯಾಪ್ಟನ್‌ಗಳ ಮೇಲೂ ವರ್ಷಕ್ಕೆ ನಾಲ್ಕೈದು ಇಂಥ ವರದಿ ಬೀಳುತ್ತಿದ್ದವು. ಯಜಮಾನರ ಮೇಲೆ ಕಳೆದ ಮೂರು ವರ್ಷದಲ್ಲಿ ಒಂದೂ ಇಲ್ಲ. ಸಂಘದ ಅಧ್ಯಕ್ಷ ಅವರ ಬೆನ್ನು ತಟ್ಟಿ, "ನಿಮ್ಮ ದಾಖಲೆ ಹಾಲಿನಷ್ಟು ಬೆಳ್ಳಗಿದೆ. ಅದನ್ನ ಮೇಜಿನ ಮೇಲಿಟ್ಟರೆ ಸಾಕು, ಅವರ ಬಾಯಿ ಕಟ್ಟುತ್ತೆ," ಎಂದಿದ್ದ. ಯಜಮಾನರು ಅಂದು ಮನೆಗೆ ಹೋಗಿ ಕನ್ನಡಿಯ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದರು.

ವಿಚಾರಣೆಗೆ ವಾರವಿರುವಾಗ ಮಗಳು ಬಂದಳು. ಅವಳೂ ಅದೇ ಕಂಪನಿಯಲ್ಲಿ ಕೋ-ಪೈಲಟ್. ರಕ್ತಸಂಬಂಧಿಗಳನ್ನು ಒಂದೇ ಕಾಕ್‌ಪಿಟ್‌ನಲ್ಲಿ ಕೂರಿಸುವ ಹಾಗಿಲ್ಲದ್ದರಿಂದ ಅಪ್ಪನ ಜೊತೆ ಒಮ್ಮೆಯೂ ಹಾರಿರಲಿಲ್ಲ. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು. ಯಜಮಾನರು ಊಟದ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ತಮ್ಮ ಅಂಗಿಗೆ ತಾವೇ ಇಸ್ತ್ರಿ ಹಾಕುತ್ತಿದ್ದರು. ಆ ಕೆಲಸವನ್ನು ಅವರು ಹೆಂಡತಿಗೂ ಬಿಟ್ಟುಕೊಟ್ಟವರಲ್ಲ.

"ಅಪ್ಪ, ಆ ವಿಚಾರಣೆಗೆ ಹೋಗ್ಬೇಡಿ," ಎಂದಳು, ಕುರ್ಚಿ ಎಳೆದುಕೊಂಡು.

"ಯಾಕಂತೆ?"

"ಹೋಗ್ಲೇಬೇಕು ಅಂದ್ರೆ ಹೋಗಿ. ಒಂದೂ ತಪ್ಪು ಮಾಡಿಲ್ಲ ಅಂತ ಮಾತ್ರ ಹೇಳ್ಬೇಡಿ."

ಯಜಮಾನರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಮಗಳ ಹೆಗಲ ಮೇಲಿನ ಕೋ-ಪೈಲಟ್‌ನ ಮೂರು ಪಟ್ಟಿ ನೋಡಿದರು. ಮೇಜಿನ ಮೇಲಿದ್ದ ತಮ್ಮ ಕ್ಯಾಪ್ಟನ್‌ನ ನಾಲ್ಕು ಪಟ್ಟಿ ನೋಡಿದರು.

"ಬಲಗಡೆ ಸೀಟಲ್ಲಿ ಕೂತು ಎಷ್ಟು ವರ್ಷ ಆಯ್ತಮ್ಮ ನಿನಗೆ?"

"ಒಂಬತ್ತು."

"ಎಡಗಡೆ ಸೀಟು ಖಾಲಿ ಆಗ್ಲಿ ಅಂತ ಕಾಯ್ತಿದೀಯ. ಕಾಯ್ಬೇಕು, ತಪ್ಪೇನಿಲ್ಲ. ಆದ್ರೆ ಹೆತ್ತ ಅಪ್ಪನ್ನ ಎಬ್ಬಿಸಿ ಅಲ್ಲಿ ಕೂರೋ ಅಷ್ಟು ಅವಸರ ಯಾಕೆ?"

ಮಗಳ ಮುಖ ಕೆಂಪಗಾಯಿತು. ಒಂದು ಗಳಿಗೆ ಅವಳು ಎದ್ದು ಹೋಗಿಯೇಬಿಡುವಂತೆ ಕಂಡಳು. ಹೋಗಲಿಲ್ಲ. "ಹೌದು, ಕಾಯ್ತಿದೀನಿ. ಅದರಲ್ಲಿ ಮುಚ್ಚುಮರೆ ಏನಿಲ್ಲ. ನೀವು ಎರಡು ವರ್ಷ ಕೂತ್ರೆ ನಾನೂ ಎರಡು ವರ್ಷ ಜಾಸ್ತಿ ಕಾಯ್ಬೇಕು, ಹೊಟ್ಟೆ ಉರಿಯುತ್ತೆ. ಆದ್ರೆ ನಾನು ಬಂದಿದ್ದು ಅದಕ್ಕಲ್ಲ," ಎಂದಳು. ಆಮೇಲೆ ಕಂಬಳಿಯ ಅಂಚನ್ನು ನೋಡುತ್ತ ಹೇಳಿದಳು: "ನಿಮ್ಮ ಹುಡುಗ್ರಿಗೆಲ್ಲ ಗಂಟಲು ಚೆನ್ನಾಗೇ ಇದೆ, ಅಪ್ಪ."

ಯಜಮಾನರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು.

ಮೂರು ವರ್ಷದ ಹಿಂದಿನ ಮಾತು. ಯಜಮಾನರು ಏಣಿ ಎಂದು ಕರೆಯುತ್ತಿದ್ದ ಉದ್ದನೆಯ ಕೋ-ಪೈಲಟ್ ಒಬ್ಬನಿದ್ದ, ಮಗಳ ಜೊತೆಯಲ್ಲೇ ತರಬೇತಿ ಮುಗಿಸಿದವನು. ಒಂದು ಹಾರಾಟದಲ್ಲಿ ಅವನು, "ಯಜಮಾನ್ರೇ, ಟವರ್ ಹೇಳಿದ್ದು ಎಂಟು ಸಾವಿರ ಅಡಿ, ನೀವು ಹಾಕಿದ್ದು ಏಳು," ಎಂದು ಬಾಯಿಬಿಟ್ಟು ಹೇಳಿದ್ದ. ಹೇಳಿದ್ದು ನಿಜ, ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಟವರಿನವರು ಎಂಟೇ ಹೇಳಿದ್ದರು. ಆದರೆ ಹಿಂದೆ ಗಗನಸಖಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಯಜಮಾನರು ಅಂಕಿ ಸರಿಪಡಿಸಿ, ಅವಳ ಎದುರಿಗೇ ಏಣಿಯ ನೀರಿಳಿಸಿದರು. ಅವನ ತರಬೇತಿ, ಅವನ ನಡತೆ, ಅವನನ್ನು ಬೆಳೆಸಿದವರು, ಯಾವುದನ್ನೂ ಬಿಡಲಿಲ್ಲ. ಇಳಿದ ಮೇಲೆ ಅವನು ತಮ್ಮ ಮೇಲೆ ಬರೆಯುವ ಮೊದಲೇ ತಾವು ಅವನ ಮೇಲೆ ಬರೆದರು: ಹಿರಿಯರೊಡನೆ ವರ್ತಿಸಲು ಬರುವುದಿಲ್ಲ. ಬಡ್ತಿಯ ಸರದಿಯಲ್ಲಿ ಏಣಿ ಒಂದು ವರ್ಷ ಹಿಂದೆ ಬಿದ್ದ. ಆಮೇಲೆ ಯಜಮಾನರು ಅದನ್ನು ಮರೆತೂಬಿಟ್ಟಿದ್ದರು.

"ಅವನು ನಿಮ್ಮ ಮೇಲೆ ದೂರು ಕೊಡ್ತೀನಿ ಅಂತ ಕೂತಿದ್ದ. ನಾನು ಅವನ ಮನೆಗೆ ಹೋದೆ," ಎಂದಳು ಮಗಳು. "ಅಪ್ಪನಿಗೆ ಅದೊಂದು ಬಿಟ್ರೆ ಬೇರೆ ಜೀವನ ಇಲ್ಲ, ಅರವತ್ತೈದರ ತನಕ ಹೇಗಾದ್ರೂ ಸುಧಾರಿಸ್ಕೊಂಡು ಹೋಗು ಅಂತ ಬೇಡ್ಕೊಂಡೆ. ಒಬ್ಬೊಬ್ಬರನ್ನೇ ಕೇಳ್ಕೊಂಡೆ. ಬಾಯಿಬಿಟ್ಟು ಹೇಳಿದ್ರೆ ನೀವು ಸುಮ್ನೆ ಬಿಡಲ್ಲ, ನಿಯಮದ ಪ್ರಕಾರ ಬರೀಲೂಬೇಕು. ಕೆಮ್ಮಿದ್ರೆ ಬರಿಯೋ ಹಾಗಿಲ್ವಲ್ಲ. ಕೆಮ್ಮಿದ ತಕ್ಷಣ ನೀವು ಒಂದ್ಸಲ ಎಲ್ಲ ಮೀಟರ್ ಮೇಲೂ ಕಣ್ಣಾಡಿಸ್ತೀರಿ, ಅದು ನಿಮ್ಮ ಅಭ್ಯಾಸ. ತಪ್ಪು ನಿಮಗೇ ಕಾಣುತ್ತೆ, ನೀವೇ ಸರಿ ಮಾಡ್ತೀರಿ. ಮೊದಲು ತಿಂಗಳಿಗೆ ಒಂದೋ ಎರಡೋ ಇತ್ತು."

"ಈಗ?"

ಅವಳು ಕಂಬಳಿಯ ಅಂಚನ್ನು ಮಡಚತೊಡಗಿದಳು. ಒಳಗಿನಿಂದ ಅವಳ ತಾಯಿ, ಮಾತಿನ ತುದಿಬುಡ ತಿಳಿಯದೆ, "ಏನಾದ್ರೂ ಮಾಡಿ ಅವರನ್ನ ಹಾರಿಸ್ತಾನೇ ಇರ್ರಪ್ಪ. ಮನೇಲಿ ಕೂತ್ರೆ ನನಗೂ ಅಡುಗೆಮನೆಗೂ ಯಜಮಾನರಾಗ್ತಾರೆ," ಎಂದು ಕೂಗಿದರು. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

"ಕಟ್ಟುಕಥೆ," ಎಂದರು ಯಜಮಾನರು. ಇಸ್ತ್ರಿಪೆಟ್ಟಿಗೆ ಎತ್ತಿಕೊಂಡರು. "ಯಾರೋ ನಿನ್ನ ತಲೆ ಕೆಡಿಸಿದಾರೆ. ಅಥವಾ ನೀನೇ ಕೆಡಿಸ್ಕೊಂಡಿದೀಯ. ಹೋಗು, ಊಟ ಮಾಡು."

ದೊಡ್ಡವರ ತಪ್ಪನ್ನು ದೊಡ್ಡವರಿಗೆ ಹೇಳದೆ ಇರುವುದಕ್ಕೆ ನಾವು ಮರ್ಯಾದೆ ಎಂದು ಹೆಸರಿಟ್ಟಿದ್ದೇವೆ. ಅದರ ಸವಿಯುಂಡು ಬೆಳೆದವರಿಗೆ ಒಂದು ದಿನ ಯಾರಾದರೂ ನಿಜ ಹೇಳಿದರೆ, ಹೇಳಿದವರ ಮೇಲೆಯೇ ಕಣ್ಣು ಕೆಂಪಾಗುತ್ತದೆ. ಯಜಮಾನರಿಗೂ ಹಾಗೇ ಆಯಿತು. ಮಗಳು ಹೋದ ಮೇಲೆ ಬಹಳ ಹೊತ್ತು ಅವಳನ್ನು ಮನಸ್ಸಿನಲ್ಲೇ ಬೈದರು. ಆದರೆ ಅನುಮಾನದ ಹುಳು ಹೊಕ್ಕಾಗಿತ್ತು.

ಮರುದಿನ ಬೆಳಗ್ಗೆ ಅವರ ಪಕ್ಕದಲ್ಲಿ ಬಂದು ಕೂತವನು ಏಣಿಯೇ. ಮಂಡಿ ಮಡಚಿ, ಸೀಟು ಹಿಂದೆ ತಳ್ಳಿ, ಎಂದಿನಂತೆ "ನಮಸ್ಕಾರ, ಯಜಮಾನ್ರೇ" ಎಂದ. ಯಜಮಾನರು ಅವನನ್ನು ಹೊಸಬನನ್ನು ನೋಡುವಂತೆ ನೋಡಿದರು. ಪರೀಕ್ಷೆ ಮಾಡಿಯೇಬಿಡುವುದು ಎಂದು ತೀರ್ಮಾನಿಸಿದರು. ಇದೆಲ್ಲ ಸುಳ್ಳು ಎಂದು ಕಂಡುಕೊಂಡು, ಸಂಜೆ ಮಗಳಿಗೆ ಫೋನ್ ಮಾಡಿ ಚೆನ್ನಾಗಿ ಕಿವಿ ಹಿಂಡುವುದು ಅವರ ಲೆಕ್ಕ.

ವಿಮಾನ ಮೇಲೇರಿತು. ಹತ್ತು ಸಾವಿರ ಅಡಿ ದಾಟಿದ ಮೇಲೆ ಮುಂದಿನ ದೊಡ್ಡ ದೀಪಗಳನ್ನು ಆರಿಸಬೇಕು. ಯಜಮಾನರು ಬೇಕೆಂದೇ ಆರಿಸಲಿಲ್ಲ. ಕಿಟಕಿಯಾಚೆ ನೋಡುತ್ತ, ಏನೂ ಗೊತ್ತಿಲ್ಲದವರಂತೆ ಕೂತರು. ಅಷ್ಟರಲ್ಲಿ ಪಕ್ಕದಿಂದ ಒಂದು ಸಣ್ಣ ಕೆಮ್ಮು ಬಂತು.

ದೀಪ ಆರಿಸಿದರು. ಕಾಕತಾಳೀಯ ಇರಬಹುದು. ಅರ್ಧ ಗಂಟೆಯ ನಂತರ ಟವರಿನವರು ದಿಕ್ಕು ಬದಲಿಸಲು ಹೇಳಿದರು. ಯಜಮಾನರು "ಸರಿ" ಎಂದರು, ಆದರೆ ಕೈ ಅಲುಗಿಸಲಿಲ್ಲ. ಮತ್ತೆ ಕೆಮ್ಮು, ಈ ಸಲ ಎರಡು. ದಿಕ್ಕು ತಿರುಗಿಸಿದರು.

"ಗಂಟಲು ಹೇಗಿದೆಯೋ?" ಎಂದು ಕೇಳಿದರು.

"ಪರವಾಗಿಲ್ಲ, ಯಜಮಾನ್ರೇ. ಈ ಧೂಳಿಗೆ," ಎಂದ ಏಣಿ, ಅವರತ್ತ ನೋಡದೆ.

ಎರಡೂ ತಪ್ಪು ತಾವು ಬೇಕೆಂದೇ ಮಾಡಿದ್ದು. ಅಲ್ಲಿಗೆ ಒಂದು ಸಮಾಧಾನವಿತ್ತು. ಹುಡುಗರು ಕೆಮ್ಮುತ್ತಾರೆ ಎಂಬುದು ನಿಜವೇ ಇರಲಿ, ಸುಮ್ಮಸುಮ್ಮನೆ ಹೆದರಿ ಕೆಮ್ಮುತ್ತಿರಬಹುದಲ್ಲ. ತಾವು ಮನಸ್ಸಿಟ್ಟು ಹಾರಿಸಿದರೆ ಇವನಿಗೆ ಕೆಮ್ಮಲು ಏನು ಸಿಗುತ್ತದೆ ನೋಡಿಯೇಬಿಡೋಣ ಎಂದು ಯಜಮಾನರು ನೆಟ್ಟಗೆ ಕೂತರು. ಕೆಳಗಿಳಿಯಲು ಶುರುಮಾಡಿದರು. ಮೋಡ ಹಾಲಿನಂತೆ ಗಾಜಿಗೆ ಅಂಟಿಕೊಂಡಿತ್ತು. ಟವರ್ ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದರು, ಒಂದೊಂದನ್ನೂ ಒತ್ತಿ ಒತ್ತಿ ಹಾಕಿದರು. ಇಷ್ಟು ಜಾಗ್ರತೆಯಿಂದ ಅವರು ಪರೀಕ್ಷೆಯ ದಿನಗಳಲ್ಲೂ ಹಾರಿಸಿರಲಿಲ್ಲ.

ಏಣಿ ಕೆಮ್ಮಿದ.

ಯಜಮಾನರು ಎತ್ತರ ನೋಡಿದರು, ಸರಿಯಿತ್ತು. ವೇಗ ಸರಿಯಿತ್ತು. ದಿಕ್ಕು, ರೆಕ್ಕೆಯ ಫ್ಲ್ಯಾಪು, ಇಂಧನ, ಎಲ್ಲ ಸರಿ. ಮೇಲಿನಿಂದ ಕೆಳಗೆ ನೋಡಿದರು, ಕೆಳಗಿನಿಂದ ಮೇಲೆ ನೋಡಿದರು. ಏಣಿ ಮತ್ತೆ ಕೆಮ್ಮಿದ, ಈ ಸಲ ಜೋರಾಗಿ. ಕಣ್ಣೆದುರಿಗೇ ಎಲ್ಲೋ ಒಂದು ತಪ್ಪಿದೆ, ಪಕ್ಕದವನಿಗೆ ಕಾಣುತ್ತಿದೆ, ತಮಗೆ ಕಾಣುತ್ತಿಲ್ಲ. ಏನದು ಎಂದು ಕೇಳಬಹುದಿತ್ತು. ಒಂದು ಮಾತು ಸಾಕಿತ್ತು. ಆ ಮಾತು ನಾಲಿಗೆಯ ಮೇಲೆ ಬರಲಿಲ್ಲ.

ಕಡೆಗೆ ಏಣಿ ತನ್ನ ಉದ್ದನೆಯ ಕೈ ಚಾಚಿದ. ಅವರ ಎದುರಿನ ಗಾಜಿನ ಮೇಲೇನೋ ಒರೆಸುವವನಂತೆ ಮುಂದಕ್ಕೆ ಬಾಗಿ, ಎಡಮೂಲೆಯ ಒಂದು ಚಿಕ್ಕ ಗುಬುಟನ್ನು ಎರಡು ಬೆರಳಲ್ಲಿ ತಿರುಗಿಸಿ, ಕೈ ಹಿಂದಕ್ಕೆಳೆದುಕೊಂಡ. ಅದು ಇಳಿಯುವ ಊರಿನ ಗಾಳಿಯ ಒತ್ತಡವನ್ನು ಹಾಕುವ ಗುಬುಟು. ಅದನ್ನು ತಪ್ಪು ಹಾಕಿದರೆ ಎತ್ತರದ ಮೀಟರು ಸುಳ್ಳು ಹೇಳುತ್ತದೆ. ಅವನು ತಿರುಗಿಸುತ್ತಿದ್ದಂತೆ ಮೀಟರಿನ ಅಂಕಿ ಸರಸರನೆ ಇಳಿಯಿತು. ನೆಲ ಅವರು ತಿಳಿದಿದ್ದಕ್ಕಿಂತ ನಾನೂರು ಅಡಿ ಹತ್ತಿರವಿತ್ತು. ಟವರ್ ಹೇಳಿದ ಒತ್ತಡವನ್ನು ಯಜಮಾನರು ಕೇಳಿದ್ದರು, ಕೇಳಿ ಹಾಕಿಯೂ ಇದ್ದರು. ಹಾಕಿದ್ದು ಬೇರೆಯದು. ಈಗಷ್ಟೇ ಎರಡು ಸಲ ಅದನ್ನೇ ನೆಟ್ಟ ದೃಷ್ಟಿಯಿಂದ ನೋಡಿ ಸರಿಯಿದೆ ಎಂದುಕೊಂಡಿದ್ದರು.

ವಿಮಾನ ಹೂವಿನಂತೆ ಇಳಿಯಿತು. ಹಿಂದೆ ಯಾರೋ ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಏಣಿ ಹಣೆ ಒರೆಸಿಕೊಂಡು, "ಬೊಂಬಾಟ್ ಲ್ಯಾಂಡಿಂಗ್, ಯಜಮಾನ್ರೇ," ಎಂದ. ಆ ಮಾತು ಅವರ ಕೆನ್ನೆಗೆ ಹೊಡೆದಂತೆ ಬಿತ್ತು.

ಆ ವಾರವೆಲ್ಲ ಯಜಮಾನರು ರಜೆ ಹಾಕಿದರು. ಊಟ ಸೇರಲಿಲ್ಲ. ಎಷ್ಟು ಕೆಮ್ಮು ಕೇಳಿದ್ದೇನೆ ಎಂದು ನೆನಪು ಮಾಡಿಕೊಳ್ಳಲು ಹೋಗಿ, ಹೆದರಿ ಬಿಟ್ಟರು. ಒಂದೊಂದು ಕೆಮ್ಮಿನ ಹಿಂದೆಯೂ ಒಂದು ವಿಮಾನ, ಅದರ ತುಂಬ ಜನ. ನಿಜ ಹೇಳಿಬಿಡೋಣವೆಂದರೆ, ಕಂಡೂ ಬರೆಯದೆ ಬಿಟ್ಟ ತಪ್ಪಿಗೆ ಹುಡುಗರ ಲೈಸೆನ್ಸ್ ಹೋಗುತ್ತದೆ. ಬೇಡಿಕೊಂಡವಳದು ಎಲ್ಲರಿಗಿಂತ ಮೊದಲು ಹೋಗುತ್ತದೆ. ಕೊನೆಗೆ ಒಂದು ದಾರಿ ಹೊಳೆಯಿತು. ಸಮಿತಿಯ ಮುಂದೆ ನಿಂತು, ಸಾಕಪ್ಪ, ನಿಯಮ ಇದ್ದ ಹಾಗೇ ಇರಲಿ, ವಯಸ್ಸಾದವರು ಇಳಿಯುವುದೇ ಸರಿ ಎಂದುಬಿಡುವುದು. ಕಾರಣ ಹೇಳಬೇಕಿಲ್ಲ. ಎರಡು ತಿಂಗಳ ನಂತರ ಹಾರ ಹಾಕಿಸಿಕೊಂಡು ಮನೆಗೆ ಬರುವುದು. ಮಗಳಿಗೆ ಫೋನ್ ಮಾಡಿ, "ನೀನು ಹೇಳಿದ್ದು ಯೋಚನೆ ಮಾಡಿದೀನಿ," ಎಂದಷ್ಟೇ ಹೇಳಿದರು. ಅವಳು, "ಅಪ್ಪ, ನಾನೂ ಬರ್ತೀನಿ ಅವತ್ತು, ಹಿಂದೆ ಕೂತಿರ್ತೀನಿ," ಎಂದಳು.

ವಿಚಾರಣೆಯ ಕೋಣೆ ಉದ್ದವಾಗಿತ್ತು. ಒಂದು ತುದಿಯಲ್ಲಿ ಸಮಿತಿಯವರ ಮೇಜು, ನೀರಿನ ಬಾಟಲಿಗಳು, ಮೈಕುಗಳು. ಮುಂದಿನ ಸಾಲಿನಲ್ಲಿ ಯಜಮಾನರ ವಾರಿಗೆಯ ಕ್ಯಾಪ್ಟನ್‌ಗಳು ಕೂದಲಿಗೆ ಬಣ್ಣ ಹಚ್ಚಿಕೊಂಡು, ಬಾಸಿಂಗ ಕಟ್ಟುವುದೊಂದು ಬಾಕಿ ಎಂಬಂತೆ ಸಿಂಗರಿಸಿಕೊಂಡು ಕೂತಿದ್ದರು. ಕೊನೆಯ ಸಾಲುಗಳಲ್ಲಿ ಕೋ-ಪೈಲಟ್‌ಗಳು. ಏಣಿ ಉಳಿದವರಿಗಿಂತ ಒಂದು ತಲೆ ಎತ್ತರಕ್ಕೆ ಕಾಣುತ್ತಿದ್ದ, ಅವನ ಪಕ್ಕದಲ್ಲಿ ಮಗಳು.

ಯಜಮಾನರಿಗಿಂತ ಮೊದಲು ಮಾತಾಡಲು ಎದ್ದವನು ಒಬ್ಬ ಅಂಕಿಅಂಶದ ತಜ್ಞ. ಮೂವತ್ತೈದು ದಾಟಿರಲಿಲ್ಲ. ಗೋಡೆಯ ಮೇಲೆ ಗೆರೆಗಳನ್ನು ಮೂಡಿಸಿ, ಅರವತ್ತರ ಮೇಲೆ ಮಿದುಳು ಎಷ್ಟು ನಿಧಾನವಾಗುತ್ತದೆ, ಕಣ್ಣಿಗೂ ಕೈಗೂ ನಡುವೆ ಎಷ್ಟು ತಡವಾಗುತ್ತದೆ ಎಂದು ವಿವರಿಸಿದ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳಿದ ರೀತಿ ಮಾತ್ರ ಮೈ ಉರಿಸುವಂತಿತ್ತು. "ನಮ್ಮ ಹಿರಿಯರ ಬಗ್ಗೆ ಗೌರವ ಇದ್ದೇ ಇದೆ," ಎಂದು ಮುಂದಿನ ಸಾಲಿನತ್ತ ಕೈ ತೋರಿಸಿದ. "ಮನೆಯಲ್ಲಿ ತಾತನಿಗೆ ಕಾರಿನ ಕೀ ಕೊಡೋದನ್ನ ಒಂದು ದಿನ ನಿಲ್ಲಿಸ್ತೀವಲ್ಲ, ಬೇಜಾರಾಗುತ್ತೆ, ಆದ್ರೂ ನಿಲ್ಲಿಸ್ತೀವಿ. ಅಷ್ಟೇ ಇದು."

ಕೋಣೆಯಲ್ಲಿ ಸಣ್ಣದಾಗಿ ನಗು ಹರಡಿತು. ಯಜಮಾನರು ಮೈಕಿನ ಮುಂದೆ ಬಂದು ನಿಂತಾಗಲೂ ಅದು ಪೂರ್ತಿ ಆರಿರಲಿಲ್ಲ. ಸಾಕಪ್ಪ ಎಂಬ ಮಾತು ಅವರ ಬಾಯಲ್ಲಿ ಸಿದ್ಧವಾಗಿತ್ತು. ಆದರೆ ಕಣ್ಣಿಗೆ ಬಿದ್ದದ್ದು ಆ ತಜ್ಞ ಹುಡುಗನ ಮುಖ. ಅವನು ಇವರಿಗಾಗಿ ಕುರ್ಚಿ ಎಳೆದು ಹಿಡಿದಿದ್ದ, ಬೀಳದಿರಲಿ ಎಂದು. ಅವರ ಮೊಣಕೈಗೆ ಆಸರೆ ಕೊಡಲೂ ಬಂದ.

ಯಜಮಾನರು ಕೈ ಕೊಡವಿದರು.

"ತಾತನ ವಿಚಾರ ಬಿಡಿ," ಎಂದರು. ದನಿ ಗಂಟೆಯಂತಿತ್ತು. "ನಾನು ಅಂಕಿಅಂಶ ಅಲ್ಲ, ಮನುಷ್ಯ. ನಲವತ್ತು ವರ್ಷ ಹಾರ್ಸಿದೀನಿ. ಈ ಗೋಡೆ ಮೇಲಿನ ಗೆರೆ ಒಂದೂ ವಿಮಾನ ಇಳಿಸಿಲ್ಲ. ನನ್ನ ದಾಖಲೆ ನಿಮ್ಮ ಮುಂದಿದೆ. ಮೂರು ವರ್ಷದಲ್ಲಿ ನಾನು ಒಂದು ತಪ್ಪು ಮಾಡಿದ್ದರೆ ತೋರಿಸಿ. ಒಂದೇ ಒಂದು."

ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು.

ಅದು ಏಣಿಯದು. ಯಜಮಾನರಿಗೆ ಗುರುತು ಸಿಕ್ಕಿತು. ಅದರ ಬೆನ್ನಿಗೇ ಇನ್ನೊಂದು, ಆಮೇಲೆ ಎಡಗಡೆಯಿಂದ ಮತ್ತೊಂದು. ಕೊನೆಯ ಸಾಲುಗಳಲ್ಲಿ ಯಾರೂ ಯಾರ ಮುಖವನ್ನೂ ನೋಡದೆ, ನೆಲ ನೋಡುತ್ತ ಕೆಮ್ಮುತ್ತಿದ್ದರು. ಸಮಿತಿಯ ಅಧ್ಯಕ್ಷರು ಸಿಡಿಮಿಡಿಗೊಂಡು, "ಎ.ಸಿ. ಸ್ವಲ್ಪ ಕಮ್ಮಿ ಮಾಡ್ರಪ್ಪ," ಎಂದರು. ಕಡೆಯಲ್ಲಿ ಒಂದು ಕೆಮ್ಮು ಒಂಟಿಯಾಗಿ ಬಂತು. ಮಗು ಜ್ವರದಲ್ಲಿ ಮಲಗಿದ್ದಾಗ ಎದೆಗೆ ಕಿವಿಯಿಟ್ಟು ಕೇಳಿದ್ದ ಕೆಮ್ಮು ಅದು. ಅಪ್ಪನಾದವನಿಗೆ ಅದನ್ನು ತಿರುಗಿ ನೋಡಿ ತಿಳಿಯಬೇಕಾಗಿಲ್ಲ.

ಈ ಸಲ ತಪ್ಪು ಎಲ್ಲಿದೆ ಎಂದು ಯಜಮಾನರು ಹುಡುಕಬೇಕಾಗಿರಲಿಲ್ಲ. ಸರಿಪಡಿಸಲು ಸಮಯವೂ ಇತ್ತು. ಹುಡುಗರು ಅದಕ್ಕಾಗಿಯೇ ಕೆಮ್ಮುತ್ತಿದ್ದರು, ಎಂದಿನಂತೆ ಅವರ ಮಾನ ಕಾಯುವುದಕ್ಕೆ. ಅವರು ಮೈಕಿಗೆ ಇನ್ನಷ್ಟು ಹತ್ತಿರ ಬಂದರು.

"ಒಂದೂ ಇಲ್ಲ," ಎಂದರು. "ಇದ್ದಿದ್ರೆ ಈ ಹುಡುಗ್ರು ಬರೀತಿರ್ಲಿಲ್ವಾ?"

ಮುಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಘದ ಅಧ್ಯಕ್ಷ ಓಡಿಬಂದು ತಬ್ಬಿಕೊಂಡ. ಹಿಂದಿನ ಸಾಲುಗಳಲ್ಲಿ ಈಗ ಯಾರೂ ಕೆಮ್ಮಲಿಲ್ಲ.

ಹೊರಗೆ ಉದ್ದನೆಯ ಹಜಾರದಲ್ಲಿ ಕೋ-ಪೈಲಟ್‌ಗಳು ಗೋಡೆಗೆ ಸರಿದು ಅವರಿಗೆ ದಾರಿ ಬಿಟ್ಟರು. ಎಂದಿನ ವಿನಯವೇ. ಮಗಳು ಬಾಗಿಲ ಬಳಿ ನಿಂತಿದ್ದಳು. ಅತ್ತಿರಲಿಲ್ಲ, ಸಿಟ್ಟೂ ಕಾಣಲಿಲ್ಲ. ದಣಿದಿದ್ದಳು, ಅಷ್ಟೆ.

"ಅರವತ್ತೈದರ ತನಕ ಅಂತ ಮಾತಾಗಿತ್ತು, ಅಪ್ಪ," ಎಂದಳು. "ಅದಾದ ಮೇಲೆ ಅವರನ್ನ ಕೇಳೋಕೆ ನನಗೆ ಮುಖ ಇಲ್ಲ. ಅವರೂ ಕೆಮ್ಮಲ್ಲ."

"ಕೆಮ್ಮಿ ಅಂತ ನಾನು ಯಾರನ್ನೂ ಕೇಳಿರ್ಲಿಲ್ಲ," ಎಂದರು ಯಜಮಾನರು.

ಹೇಳಿದ ಕ್ಷಣವೇ ಆ ಮಾತನ್ನು ನುಂಗಿಬಿಡಬೇಕೆನಿಸಿತು. ಆದರೆ ಸಂಘದವರು ಫೋಟೋಗೆ ಕರೆಯುತ್ತಿದ್ದರು. ಅವಳು ಮೆಟ್ಟಿಲಿಳಿದು ಹೋಗಿದ್ದಳು.

ನಿಯಮ ಬದಲಾಯಿತು. ಅರವತ್ತೈದು ತುಂಬಿದ ದಿನ ಕಂಪನಿಯವರು ಹೂಗುಚ್ಛ ಕೊಟ್ಟು, ವಿಮಾನದ ಮೆಟ್ಟಿಲ ಮೇಲೆ ನಿಲ್ಲಿಸಿ ಚಿತ್ರ ತೆಗೆದರು. ಹೆಂಡತಿ ಅದನ್ನು ನೆಂಟರಿಗೆಲ್ಲ ಕಳಿಸಿದರು. ಮಗಳಿಂದ ಉತ್ತರ ಬರಲಿಲ್ಲ. ಮರುದಿನ ಮಧ್ಯಾಹ್ನ ಯಜಮಾನರು ಎಡಗಡೆ ಸೀಟಿನಲ್ಲಿ ಕೂತರು. ಬಲಗಡೆಗೆ ಏಣಿ ಬಂದ.

"ನಮಸ್ಕಾರ, ಸರ್," ಎಂದ.

ಯಜಮಾನ್ರೇ ಎನ್ನಲಿಲ್ಲ. ಯಜಮಾನರೂ ಕೋಣೆ ಚಿಕ್ಕದು ಎಂಬ ತಮ್ಮ ಹಳೆಯ ಮಾತನ್ನು ಆಡಲಿಲ್ಲ. ವಿಮಾನ ಏರಿತು. ಏರಿದ ಸ್ವಲ್ಪ ಹೊತ್ತಿಗೆ ಏಣಿ ಸ್ಪಷ್ಟವಾಗಿ, ಪಾಠ ಒಪ್ಪಿಸುವವನಂತೆ ಹೇಳಿದ: "ವೇಗ ಹೆಚ್ಚಿದೆ, ಸರ್." ಹೌದು, ಹೆಚ್ಚಿತ್ತು. ಇಳಿಯಲು ಶುರುಮಾಡಿದಾಗ ಹೇಳಿದ: "ಟವರ್ ಹೇಳಿದ್ದು ಆರು ಸಾವಿರ, ಸರ್. ಐದು ಹಾಕಿದೀರಿ." ಐದೇ ಇತ್ತು. ಅವನ ಮಾತಿನಲ್ಲಿ ಕೊಂಕಿರಲಿಲ್ಲ, ಸೇಡಿರಲಿಲ್ಲ. ಯಜಮಾನರಿಗೆ ಅವನನ್ನು ಬೈಯಲು ಒಂದು ಎಳೆ ಬೇಕಿತ್ತು, ಸಿಗಲಿಲ್ಲ.

ರನ್‌ವೇ ಎದುರಿಗೆ ಕಂಡಿತು. ಅಡ್ಡಗಾಳಿಯಿತ್ತು, ಬಹಳವೇನಲ್ಲ, ಇಂಥ ಗಾಳಿಯಲ್ಲಿ ಅವರು ಸಾವಿರ ಸಲ ಇಳಿಸಿದ್ದರು. ವಿಮಾನದ ಮೂಗನ್ನು ಎಡಕ್ಕೆ, ಬಲಕ್ಕೆ ಸರಿಸುವಷ್ಟರಲ್ಲಿ ನೆಲ ಅವರು ಎಣಿಸಿದ್ದಕ್ಕಿಂತ ಬೇಗ ಮೇಲೆ ಬಂತು. "ತಗ್ಗಿದೀವಿ, ಸರ್," ಎಂದ ಏಣಿ. ಯಜಮಾನರು ಎತ್ತಿದರು, ಎತ್ತಿದ್ದು ಸಾಲಲಿಲ್ಲ. "ತಗ್ಗಿದೀವಿ," ಎಂದ ಮತ್ತೆ. ಆಮೇಲೆ ಆ ಕೋಣೆಯಲ್ಲಿ ಕೋ-ಪೈಲಟ್ ಆದವನು ಎಂದೂ ಕ್ಯಾಪ್ಟನ್‌ಗೆ ಹೇಳಲು ಬಯಸದ ಮಾತನ್ನು ಹೇಳಿದ.

"ಕಂಟ್ರೋಲ್ ನನ್ನದು."

ಅದಕ್ಕೆ ಉತ್ತರ ಒಂದೇ. ಬಾಯಿಬಿಟ್ಟು ಹೇಳಲೇಬೇಕು, ಇಲ್ಲದಿದ್ದರೆ ನಾಲ್ಕು ಕೈ ಒಂದೇ ವಿಮಾನವನ್ನು ಎಳೆದಾಡುತ್ತವೆ. ಬೆನ್ನ ಹಿಂದೆ ಇನ್ನೂರು ಜನ ಬೆಲ್ಟು ಬಿಗಿದು ಕೂತಿದ್ದರು. ಯಜಮಾನರು ಕೈ ತೆಗೆದರು.

"ಕಂಟ್ರೋಲ್ ನಿಮ್ಮದು," ಎಂದರು. ನಲವತ್ತು ವರ್ಷದಲ್ಲಿ ಯಾವ ಕೋ-ಪೈಲಟ್‌ಗೂ ಅವರು ಬಹುವಚನ ಬಳಸಿರಲಿಲ್ಲ.

ಏಣಿ ವಿಮಾನವನ್ನು ಮತ್ತೆ ಮೇಲಕ್ಕೆತ್ತಿ, ದೊಡ್ಡದೊಂದು ಸುತ್ತು ಹೊಡೆಸಿ, ತಂದು ಇಳಿಸಿದ. ಸ್ವಲ್ಪ ಒರಟಾಗಿ ಇಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ಚೀಲ ಇಳಿಸಿಕೊಂಡು, ತಡವಾಯಿತೆಂದು ಗೊಣಗುತ್ತ ಹೋದರು. ಕಸ ಗುಡಿಸುವವರು ಒಳಗೆ ಬಂದರು. ಯಜಮಾನರು ಸೀಟಿನಿಂದ ಏಳಲಿಲ್ಲ.

ಏಣಿ ಮಂಡಿಯ ಮೇಲೆ ವರದಿ ಇಟ್ಟುಕೊಂಡು ಬರೆಯುತ್ತಿದ್ದ. ಮುಗಿಸಿದ ಮೇಲೆ ಪೆನ್ನಿನ ಸಮೇತ ಅವರತ್ತ ಚಾಚಿದ. ಆಮೇಲೆ ಕಿಟಕಿಯತ್ತ ತಿರುಗಿದ. ಯಜಮಾನರು ಕನ್ನಡಕ ಹಾಕಿಕೊಂಡರು. ವೇಗ, ಎತ್ತರ, ಕಂಟ್ರೋಲ್ ಕೊಟ್ಟದ್ದು, ಎಲ್ಲ ಸಣ್ಣ ದುಂಡನೆಯ ಅಕ್ಷರದಲ್ಲಿ ಇತ್ತು. ಎಲ್ಲಾದರೂ ಒಂದು ಅಂಕಿ ಹೆಚ್ಚುಕಮ್ಮಿಯಾಗಿರಬಹುದು, ಎಲ್ಲಾದರೂ ಒಂದು ಮಾತು ಬೆಳೆಸಿ ಬರೆದಿರಬಹುದು ಎಂದು ಅವರು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಮತ್ತೊಮ್ಮೆ ಓದಿದರು. ಹುಡುಗ ಒಂದೂ ತಪ್ಪು ಮಾಡಿರಲಿಲ್ಲ.